ಮಾಸ್ತರರನ್ನು ಕೇಳಿ: ಭೂಮಣ್ಣಿ ಬುಟ್ಟಿಗೆ ಅಮೆರಿಕದ ಯೂನಿವರ್ಸಿಟಿಯಲ್ಲಿ ಏನು ಕೆಲಸ?

ಪ್ರಶ್ನೆ: ಮಾಸ್ತರರೇ, ನಾನು ಶಿರಸಿ ತಾಲ್ಲೂಕಿನವಳು. ಮಗ-ಸೊಸೆ ಅಮೆರಿಕದಲ್ಲಿದ್ದಾರೆ, ಅಕ್ಟೋಬರಿಗೆ ಅವರಲ್ಲಿಗೆ ಹೋಗುತ್ತಿದ್ದೇನೆ. ನಾನು ಚಿತ್ತಾರ ಬರೆಯುವುದನ್ನು ಸೊಸೆಯ ಫೋನಲ್ಲಿ ನೋಡಿದ ಅಲ್ಲಿನ ಯೂನಿವರ್ಸಿಟಿಯ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದವರು, ಬಂದು ಶಾಲೆ ಮಕ್ಕಳಿಗೆ ತೋರಿಸಿಕೊಡಿ ಅಂತ ಕರೆದಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಬರುವುದಿಲ್ಲ. ಹೋಗಲೋ ಬೇಡವೋ?
(ಓದುಗರೊಬ್ಬರು, ಶಿರಸಿ)

ಹೋಗಿ ಅಕ್ಕ, ಖಂಡಿತ ಹೋಗಿ.

ಮೊದಲು ಈ ಕೇಂದ್ರ ಅಂದರೆ ಏನು ಅಂತ ಹೇಳುತ್ತೇನೆ. ಒಂದು ಪ್ರದೇಶದ ಭಾಷೆ, ಇತಿಹಾಸ, ಬೇಸಾಯ, ಕಲೆ, ರಾಜಕೀಯ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸುವ ಜಾಗ ಅದು. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಅನ್ನುವ ಉಪಗ್ರಹ ಹಾರಿಸಿದಾಗ ಅಮೆರಿಕದವರಿಗೆ ದಿಗಿಲಾಯಿತು. ವಿಜ್ಞಾನದಲ್ಲಿ ಹಿಂದೆ ಬಿದ್ದೆವು, ಹೊರಗಿನ ದೇಶಗಳ ಭಾಷೆಯೂ ನಮಗೆ ಗೊತ್ತಿಲ್ಲ ಅಂತ ಮರುವರ್ಷ, 1958ರಲ್ಲಿ, ಒಂದು ಕಾನೂನು ಮಾಡಿ ಭಾಷೆ ಕಲಿಸುವುದಕ್ಕೂ ಇಂಥ ಕೇಂದ್ರಗಳಿಗೂ ಸರ್ಕಾರದ ದುಡ್ಡು ಕೊಟ್ಟರು. ಹುಟ್ಟಿದ್ದು ಭಯದಿಂದ, ನಿಜ. ಆದರೆ ಅಂಥ ಕಾಲದಲ್ಲೇ ಎ.ಕೆ. ರಾಮಾನುಜನ್ ಅವರು ಶಿಕಾಗೋಗೆ ಹೋಗಿ 1993ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ಪಾಠ ಮಾಡಿದರು, ನಮ್ಮ ವಚನಗಳನ್ನೂ ಅಜ್ಜಿಕಥೆಗಳನ್ನೂ ಇಂಗ್ಲಿಷಿಗೆ ತಂದರು. ಮುಂದೆ ಆ ಸರ್ಕಾರಿ ದುಡ್ಡಿನ ಜೊತೆ ಒಂದು ಕರಾರೂ ಬಂತು. ಗೊತ್ತಿರುವುದನ್ನು ಕ್ಯಾಂಪಸ್ಸಿನೊಳಗೇ ಇಟ್ಟುಕೊಳ್ಳಬಾರದು, ಶಾಲೆ ಮಾಸ್ತರರಿಗೆ, ಮಕ್ಕಳಿಗೆ, ಊರಿನವರಿಗೆ ಮುಟ್ಟಿಸಬೇಕು ಅಂತ. ಹಾಗಾಗಿ ಅವರು ನಿಮ್ಮನ್ನು ಕರೆದದ್ದು ನಿಮಗೆ ಉಪಕಾರ ಮಾಡಲಿಕ್ಕಲ್ಲ. ಅದು ಅವರ ಕೆಲಸವೇ. ಕಲಿಸುವವರು ನೀವು, ಕಲಿಯುವವರು ಅವರು. ಅಲ್ಲಿ ಏಳನೇ ಕ್ಲಾಸಿನ ಮಾತು ಬರುವುದೇ ಇಲ್ಲ.

ಈಗ ಕೆಲಸದ ಮಾತು. ಹತ್ತು ನಿಮಿಷ ವೇದಿಕೆ ಹತ್ತಿಸಿ, ಚಪ್ಪಾಳೆ ತಟ್ಟಿ ಇಳಿಸುವ ಕಾರ್ಯಕ್ರಮ ಆದರೆ ಒಪ್ಪಬೇಡಿ. ಒಂದೂವರೆ ಗಂಟೆ ಕೇಳಿ. ಮಕ್ಕಳು ನೆಲದ ಮೇಲೆ ಕೂರಲಿ, ಕೈಯಲ್ಲಿ ಪುಂಡಿ ನಾರಿನ ಕುಂಚ ಹಿಡಿಯಲಿ, ಎಳೆ ಎಳೆಯುವಾಗ ಅವರ ಕೈಯೂ ನಡುಗಲಿ. ಆಗಲೇ ಅವರಿಗೆ ನಿಮ್ಮ ಕೈಯ ಬೆಲೆ ತಿಳಿಯುವುದು. ಮಾತಿಗೆ ಸೊಸೆ ಪಕ್ಕದಲ್ಲಿದ್ದರೆ ಸಾಕು.

ನೀವು ಹೋಗುವ ಹೊತ್ತಿಗೆ ಇಲ್ಲಿ ಭೂಮಿ ಹುಣ್ಣಿಮೆ. ಆ ಕಥೆಯನ್ನೇ ಹೇಳಿ. ತೆನೆ ತುಂಬುವ ಗದ್ದೆಯನ್ನು ಬಸುರಿ ಅಂತ ತಿಳಿದು ಬಯಕೆ ಊಟ ಬಡಿಸುವುದು, ಆ ಎಡೆ ಹೊತ್ತು ಹೋಗುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುವುದು. ಇದನ್ನು ಬಿಟ್ಟು ಬರೀ ಗೆರೆ ಕಲಿಸಿದರೆ ಅದು ಡಿಸೈನ್ ಆಗಿಬಿಡುತ್ತದೆ. ದೀವರ ಹೆಂಗಸರು ತಾಯಿಯಿಂದ ಮಗಳಿಗೆ ದಾಟಿಸಿಕೊಂಡು ಬಂದ ವಿದ್ಯೆ ಇದು ಅಂತ ಜಾತಿ, ಊರು ಎಲ್ಲ ಸೇರಿಸಿ ಹೇಳಿ. ಸುಮ್ನೆ ‘ಇಂಡಿಯನ್ ಆರ್ಟ್’ ಅಂತ ಬೋರ್ಡು ಹಾಕಲಿಕ್ಕೆ ಬಿಡಬೇಡಿ.

ಒಂದು ಎಚ್ಚರ. ಕೆಮ್ಮಣ್ಣು ಕಟ್ಟಿಕೊಂಡು ಹೋಗಬೇಡಿ. ಪರವಾನಗಿ ಇಲ್ಲದೆ ಹೊರದೇಶದ ಮಣ್ಣನ್ನು ಅಮೆರಿಕದೊಳಗೆ ಬಿಡುವುದಿಲ್ಲ. ಬೀಜ, ಕಾಯಿಗೂ ತಕರಾರು ತೆಗೆಯುತ್ತಾರೆ, ಹಳದಿಗೆ ಅಂತ ಗುರಗೆ ಕಾಯಿಯನ್ನೂ ಚೀಲಕ್ಕೆ ಹಾಕಬೇಡಿ. ಅಕ್ಕಿ ಅಲ್ಲೇ ಸಿಗುತ್ತದೆ. ನೆನೆಸಿ ಅರೆದರೆ ಬಿಳಿ ಆಯಿತು, ಕರಟುವ ಹಾಗೆ ಹುರಿದರೆ ಕಪ್ಪು ಆಯಿತು. ಕೆಂಪಿಗೆ ದಪ್ಪ ಕಾಗದದ ಮೇಲೆ ಅಂಗಡಿ ಬಣ್ಣ ಬಳಿಯಿರಿ, ಬೇರೆ ದಾರಿ ಇಲ್ಲ.

ಸಂಭಾವನೆ ಕೊಡುತ್ತೇವೆ ಅಂದರೆ ನಾಚಿಕೊಳ್ಳಬೇಡಿ. ಪ್ರವಾಸದ ವೀಸಾದಲ್ಲಿ ಹೋದವರು ಅಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಆದರೆ ವಿಶ್ವವಿದ್ಯಾಲಯದಂಥ ಕಡೆ ಪಾಠ, ಉಪನ್ಯಾಸಕ್ಕೆ ಗೌರವಧನ ಪಡೆಯಲು ಕಾನೂನಿನಲ್ಲೇ ಜಾಗ ಇದೆ. ಒಂದು ಸಂಸ್ಥೆಯಲ್ಲಿ 9 ದಿನ ಮೀರಬಾರದು, 6 ತಿಂಗಳಲ್ಲಿ 5 ಸಂಸ್ಥೆ ಮೀರಬಾರದು. ನಿಮ್ಮ ಕಾರ್ಯಕ್ರಮ ಇದರೊಳಗೆ ಬರುತ್ತದೆಯೇ ಅಂತ ಆ ಯೂನಿವರ್ಸಿಟಿಯ ವಿದೇಶಿ ಅತಿಥಿಗಳ ಆಫೀಸಿನಿಂದ ಮೊದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಲು ಮಗನಿಗೆ ಹೇಳಿ.

ಪ್ರಶ್ನೆ: ಸರ್, ನಮ್ಮ ಸಿದ್ದಿ ಕೇರಿಗೆ ಬೇರೆ ಬೇರೆ ಯೂನಿವರ್ಸಿಟಿಯವರು ಬರುತ್ತಾರೆ. ಢಮಾಮಿ ಬಾರಿಸಿ ಅನ್ನುತ್ತಾರೆ, ವಿಡಿಯೋ ಮಾಡುತ್ತಾರೆ, ಹೋಗುತ್ತಾರೆ. ಆಮೇಲೆ ಸುದ್ದಿಯೇ ಇಲ್ಲ. ಇನ್ನು ಮೇಲೆ ಬೇಡ ಅನ್ನಬೇಕಾ?
(ಯುವಕ, ಯಲ್ಲಾಪುರ)

ತಮ್ಮಾ, ನಿನ್ನ ಸಿಟ್ಟು ನನಗೆ ಗೊತ್ತು. ಮೂವತ್ತು ವರ್ಷದ ಹಿಂದೆ ಹೀಗೇ ಒಬ್ಬರು ಬಂದು ನಮ್ಮ ಮನೆ ಜಗಲಿಯಲ್ಲಿ ಕೂತು ನನ್ನ ಅಜ್ಜಿಯ ಹಾಡುಗಳನ್ನು ಮೂರು ಕ್ಯಾಸೆಟ್ ತುಂಬಿಕೊಂಡು ಹೋದರು. ಪ್ರತಿ ಕಳಿಸುತ್ತೇನೆ ಅಂದಿದ್ದರು. ಅಜ್ಜಿ ಹೋದಳು, ಕ್ಯಾಸೆಟ್ ಬರಲಿಲ್ಲ. ಆ ದನಿ ಎಲ್ಲೋ ಒಂದು ಕಪಾಟಿನಲ್ಲಿದೆ, ನಮ್ಮ ಮನೆಯಲ್ಲಿ ಇಲ್ಲ.

ಆದರೂ ಬಾಗಿಲು ಹಾಕಬೇಡ, ಕರಾರು ಹಾಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಾಲ್ ಅವರು ಆಫ್ರಿಕಾದ ಕಲೆ ಓದಿದವರು. ಸಿದ್ದಿಗಳ ಮೂಲವೂ ಆಫ್ರಿಕಾ ಅಲ್ಲವೇ, ನಿಮ್ಮ ತಾಯಂದಿರ ಕೌದಿ ನೋಡಲು ಇಲ್ಲಿಗೆ ಬಂದರು. ಹಳೇ ಸೀರೆ, ಅಂಗಿ ಚೂರು ಕೂಡಿಸಿ ಹೊಲಿದ ಆ ಕೌದಿಗಳು ಪ್ರದರ್ಶನಕ್ಕೂ ಹೋದವು, ಹೊಲಿಯುವ ಹೆಂಗಸರು ಒಟ್ಟಾಗಿ ಮಾರುವುದಕ್ಕೂ ದಾರಿಯಾಯಿತು. ಹಾಗಾದರೆ ಬರುವವರೆಲ್ಲ ಒಂದೇ ಅಲ್ಲ, ಅಲ್ವಾ?

ಬಂದವರಿಗೆ ಮೊದಲೇ ಹೇಳಿ: ಹಾಡಿದವರ, ಬಾರಿಸಿದವರ ಹೆಸರು ಹಾಕಬೇಕು, ದಿನದ ಕೂಲಿಗೆ ಕಮ್ಮಿ ಇಲ್ಲದಂತೆ ಕೊಡಬೇಕು, ರೆಕಾರ್ಡಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಇಲ್ಲೇ ಕೊಟ್ಟು ಹೋಗಬೇಕು. ‘ಆಮೇಲೆ ಕಳಿಸುತ್ತೇವೆ’ ಅನ್ನುವ ಮಾತು ಬೇಡವೇ ಬೇಡ. ಯಾವ ಪೂಜೆಯನ್ನು ಚಿತ್ರೀಕರಿಸಬಾರದು ಅನ್ನುವುದನ್ನು ಹಿರಿಯರು ತೀರ್ಮಾನಿಸಲಿ.

ಇನ್ನೂ ಒಂದು. ನಿಮ್ಮಲ್ಲೇ ಯಾರಾದರೂ ಓದಲು ಹೋಗಿ. ಮುಂಬೈ ವಿಶ್ವವಿದ್ಯಾಲಯದಲ್ಲಿ 1971ರಿಂದ ಆಫ್ರಿಕಾ ಅಧ್ಯಯನ ಕೇಂದ್ರ ಇದೆ, ದೆಹಲಿಯಲ್ಲೂ ಇದೆ. ನಮ್ಮ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದೆ, ಸೀಟಿಗೂ ಸ್ಕಾಲರ್‌ಶಿಪ್ಪಿಗೂ ಅದು ಆಗುತ್ತದೆ. ನಿಮ್ಮ ಕೇರಿಯ ಹುಡುಗಿಯೊಬ್ಬಳು ಪ್ರಶ್ನೆಪಟ್ಟಿ ಹಿಡಿದು ನಿಮ್ಮ ಜಗಲಿಗೇ ಬಂದು ಕೂರುವುದನ್ನು ನೋಡಬೇಕು ಅಂತ ನನಗೆ ತುಂಬಾ ಆಸೆ.

ಪ್ರಶ್ನೆ: ಕಾರವಾರದಲ್ಲಿ ಕೂತವರಿಗೆ ಇಂಥ ಅಧ್ಯಯನದ ಜಾಗ ಹತ್ತಿರದಲ್ಲಿ ಯಾವುದೂ ಇಲ್ಲವೇ?
(ಬಿ.ಎ. ವಿದ್ಯಾರ್ಥಿನಿ, ಕಾರವಾರ)

ಇದೆ ತಂಗಿ. ಧಾರವಾಡದಲ್ಲಿ 1939ರಲ್ಲೇ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇದೆ, ಈಗ ಅದು ಕರ್ನಾಟಕ ವಿಶ್ವವಿದ್ಯಾಲಯದ ಅಂಗ. ಅಲ್ಲಿನ ಶಾಸನ, ಹಸ್ತಪ್ರತಿ, ಮೂರ್ತಿಗಳನ್ನು ಒಂದು ದಿನ ಬಿಡುವು ಮಾಡಿಕೊಂಡು ನೋಡಬೇಕು. ನಿನಗೆ ಇನ್ನೂ ಹತ್ತಿರದ್ದು ಗೋವಾ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಸುತ್ತಾರೆ. ಹೊರಗಿನಿಂದ ವಿದ್ವಾಂಸರನ್ನು ಕರೆಸಿ ಊರಿನವರೂ ಸೇರಬಹುದಾದ ಸಣ್ಣ ಕೋರ್ಸುಗಳನ್ನು ನಡೆಸುತ್ತಾರೆ. ಸದಾಶಿವಗಡ ನೋಡುತ್ತ ಬೆಳೆದ ಹುಡುಗಿ, ಕೊಂಕಣಿಯೂ ಬರುತ್ತದೆ ಅಂತ ಪತ್ರದಲ್ಲಿ ಬರೆದಿದ್ದೀ. ಈ ಕರಾವಳಿಯ ಬಗ್ಗೆ ಪೋರ್ಚುಗೀಸರು ಬರೆದಿಟ್ಟ ಕಾಗದಗಳನ್ನು ಮೂಲದಲ್ಲೇ ಓದಬಲ್ಲವರು ನಮ್ಮ ಜಿಲ್ಲೆಗೆ ಬೇಕಾಗಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಒಮ್ಮೆ ರೈಲು ಹತ್ತಿ ಹೋಗಿ ವಿಚಾರಿಸಿ ಬಾ, ಏನಂದರು ಅಂತ ನನಗೂ ಬರಿ.