ಬಸವನಹುಳು ಆಮೇಲೆ ತನ್ನಿ, ಮೊದಲು ಮೇಲಿಂದ ಹಾಕುವ ನೀರು ಅಳೆಯಿರಿ

ಬಾಗಲಕೋಟೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಎರಡು ತಿಂಗಳಾಯ್ತು, ಎಲ್ಲಾ ಕಡೆ ಪಾಚಿ, ಕೆಮಿಕಲ್ ಬೇಡ, ಯಾವ ಬಸವನಹುಳು ಬಿಟ್ಟರೆ ಹೋಗುತ್ತದೆ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ವಿಜಯಪುರದಲ್ಲಿ ಕೂತು ನಾನೂ ಇದನ್ನೇ ಹುಡುಕುತ್ತಿದ್ದೆ.

ನನ್ನದು 150 ಲೀಟರಿನ ತೊಟ್ಟಿ. ಮೂರನೇ ವಾರಕ್ಕೆ ಮರಳಿನ ಮೇಲೆ ಕಂದು ಪುಡಿ ಬಂತು. ಅದು ಡಯಾಟಮ್, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಹೊಸ ತೊಟ್ಟಿಗಳಲ್ಲಿ ಸಾಮಾನ್ಯ. ನೀರಿನ ಸಿಲಿಕಾದಿಂದ ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ, ಸಿಲಿಕಾ ಮುಗಿದರೆ ತಾನೇ ಕಡಿಮೆಯಾಗುತ್ತದೆ. ನನ್ನಲ್ಲಿ ಕಡಿಮೆಯಾಗಲೇ ಇಲ್ಲ. ಅದರ ಜೊತೆಗೆ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿಯೂ ಎದ್ದಿತು. ಗಾಬರಿಯಾಗಿ ಮುಂಬೈಯಿಂದ ಹನ್ನೆರಡು ಟರ್ಬೋ ಬಸವನಹುಳು ತರಿಸಿದೆ. ಮೇ ತಿಂಗಳು, ತೊಟ್ಟಿಯ ನೀರು 31 ಡಿಗ್ರಿ. ಒಂದೇ ವಾರದಲ್ಲಿ ಒಂಬತ್ತು ಸತ್ತವು. ಕಲ್ಲಿನ ಸಂದಿಯಲ್ಲಿ ಸತ್ತವು ನನ್ನ ಕಣ್ಣಿಗೆ ಬೀಳಲಿಲ್ಲ, ಅಲ್ಲೇ ಕೊಳೆತು ಪಾಚಿಗೇ ಗೊಬ್ಬರವಾದವು. ಅವನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ತಪ್ಪು ಇದ್ದದ್ದು ಮೇಲಿಂದ ಹಾಕುವ, ಅಂದರೆ ಆವಿಯಾದಷ್ಟನ್ನು ತುಂಬಿಸುವ ನೀರಿನಲ್ಲಿ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ, ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು. ಅಷ್ಟನ್ನೂ ಅಡುಗೆಮನೆಯ ಆರ್‌ಒ ಫಿಲ್ಟರಿನಿಂದ ತುಂಬಿಸುತ್ತಿದ್ದೆ. "ಕುಡಿಯೋ ನೀರಾಗ ಏನ್ ಹೊಲಸು ಇರ್ತದ?" ಅಂತ ಅವ್ವನೂ ಅಂದಿದ್ದಳು. ಒಂದು ದಿನ ಫಿಲ್ಟರ್ ಬದಲಿಸಲು ಬಂದ ಹುಡುಗ ಒಳಗಿನ ಒಂದು ಸಣ್ಣ ತಿರುಪು ತೋರಿಸಿ, "ರುಚಿಗೆ ಅಂತ ಸ್ವಲ್ಪ ಬೋರಿನ ನೀರು ಬಿಟ್ಟಿರ್ತೀವ್ರೀ" ಅಂದ. ಅದಕ್ಕೆ ಟಿಡಿಎಸ್ ಕಂಟ್ರೋಲರ್ ಅನ್ನುತ್ತಾರೆ, ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ. ಟಿಡಿಎಸ್ ಮೀಟರ್ ಅದ್ದಿ ನೋಡಿದರೆ 80.

ಲೆಕ್ಕ ಹಾಕಿ. 80 ಅಂದರೆ ಲೀಟರಿಗೆ ಸುಮಾರು 80 ಮಿಲಿಗ್ರಾಂ ಕರಗಿದ ಲವಣ. ಅರವತ್ತು ದಿನಕ್ಕೆ 120 ಲೀಟರ್ ಸುರಿದಿದ್ದೆ, ಅಂದರೆ ಹತ್ತಿರ ಹತ್ತಿರ 10 ಗ್ರಾಂ. ಆವಿಯಾಗಿ ಹೋಗುವುದು ಬರೀ ನೀರು, ಲವಣ ಒಳಗೇ ಉಳಿಯುತ್ತದೆ. ಅದರಲ್ಲಿ ಜಾಸ್ತಿ ಸುಣ್ಣದಂಶ ಇರಬಹುದು, ಆದರೆ ನಮ್ಮದು ಕಪ್ಪುಕಲ್ಲಿನ ನೆಲ, ಬೋರಿನ ನೀರಿನಲ್ಲಿ ಸಿಲಿಕಾ ಇದ್ದೇ ಇರುತ್ತದೆ, ಹೊಲದ ಗೊಬ್ಬರದ ನೈಟ್ರೇಟೂ ಇಳಿದಿರಬಹುದು. ವಾರವಾರ ನೀರು ಬದಲಿಸುವಾಗ ಉಪ್ಪು ಕಲಸುತ್ತಿದ್ದದ್ದೂ ಅದೇ ನೀರಿಗೆ! ನಾನೇ ದಿನಾ ಪಾಚಿಗೆ ಊಟ ಬಡಿಸುತ್ತಿದ್ದೆ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬರುತ್ತಿದ್ದವು, ಅದಕ್ಕೇ ಅನುಮಾನ ಬರಲಿಲ್ಲ. ಬಂದದ್ದನ್ನು ಬಂದ ಹಾಗೇ ಪಾಚಿ ಹೀರುತ್ತಿದ್ದರೆ ಕಿಟ್ ಇನ್ನೇನು ತೋರಿಸುತ್ತದೆ?

ಅದಕ್ಕೇ ಹೇಳ್ತೀನಿ, ಯಾವ ಹುಳು ಅನ್ನುವ ಪ್ರಶ್ನೆಯನ್ನೇ ಈಗ ಬಿಡಿ. ಬಸವನಹುಳು ಪಾಚಿ ತಿಂದು ಅಲ್ಲೇ ಹಿಕ್ಕೆ ಹಾಕುತ್ತದೆ, ಪೋಷಕಾಂಶ ತೊಟ್ಟಿ ಬಿಟ್ಟು ಹೋಗುವುದಿಲ್ಲ. ಆರು ನೂರು ಲೀಟರಿಗೆ ತಕ್ಕ ಟ್ಯಾಂಗ್ ಮೀನನ್ನು ಪಾಚಿ ತಿನ್ನಲಿ ಅಂತ ಸಣ್ಣ ತೊಟ್ಟಿಗೆ ತರುವುದಂತೂ ಅನ್ಯಾಯ. ಒಂದು ಟಿಡಿಎಸ್ ಮೀಟರ್ ತನ್ನಿ, ತೊಟ್ಟಿಯ ನೀರಲ್ಲ, ಸುರಿಯುವ ನೀರು ಅಳೆಯಿರಿ. ಸೊನ್ನೆ ಬರಬೇಕು. ನಾನು ಆರ್‌ಒ ಪೈಪಿನಿಂದ ರುಚಿಯ ತಿರುಪಿಗಿಂತ ಮೊದಲೇ ಒಂದು ಕವಲು ತೆಗೆಸಿ ಅದಕ್ಕೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಡಬ್ಬಿ ಹಾಕಿಸಿದೆ, ಯಾಕಂದರೆ ಆರ್‌ಒ ಫಿಲ್ಟರಿನ ಪೊರೆ ಒಂದೇ ಸಿಲಿಕಾ ಪೂರ್ತಿ ತಡೆಯುವುದಿಲ್ಲ. ಆ ನೀರು ತೊಟ್ಟಿಗೆ ಮಾತ್ರ, ಕುಡಿಯುವುದಕ್ಕಲ್ಲ.

ಆಮೇಲೆ ಹಸಿರು ಪಾಚಿಯನ್ನು ಕೈಯಿಂದ ಕಿತ್ತು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಪೈಪಿನಿಂದ ಎಳೆದು ಹೊರಗೆ ಹಾಕಿದೆ. ಬೇಸರದ ಕೆಲಸ, ಆದರೆ ಇದೇ ನಿಜವಾದ ನೈಸರ್ಗಿಕ ವಿಧಾನ. ತೊಟ್ಟಿಯ ಹಿಂಬದಿಗೆ ಒಂದು ಡಬ್ಬಿ ತೂಗುಹಾಕಿ ಕೀಟೋ ಬೆಳೆಸಿದೆ. ಸಿಕ್ಕುಬಿದ್ದ ಹಸಿರು ದಾರದ ಉಂಡೆಯಂಥ ಪಾಚಿ ಅದು. ರಾತ್ರಿ ಅದಕ್ಕೆ ದೀಪ, ಹಗಲು ತೊಟ್ಟಿಗೆ ಎಂಟೇ ತಾಸು. ಬೆಳೆದ ಕೀಟೋವನ್ನು ಹಿಡಿಯಷ್ಟು ಕಿತ್ತು ಎಸೆದಾಗ ಅದು ಹೀರಿದ ನೈಟ್ರೇಟು, ಫಾಸ್ಫೇಟು ಮನೆಯಿಂದಲೇ ಹೊರಗೆ ಹೋಗುತ್ತವೆ, ಅಲ್ವಾ? ಕಂದು ಪುಡಿ ಮೂರು ವಾರಕ್ಕೆ ಹೋಯಿತು, ಕೂದಲು ಪಾಚಿಗೆ ಮೂರು ತಿಂಗಳು ಬೇಕಾಯಿತು.

ಬಸವನಹುಳು ತಂದದ್ದು ಆಮೇಲೆ, ಐದೇ ಐದು, ಟ್ರೋಕಸ್ ಜಾತಿಯವು. ಮಗುಚಿ ಬಿದ್ದರೂ ತಾವೇ ಎದ್ದುಕೊಳ್ಳುತ್ತವೆ, ಟರ್ಬೋಗಿಂತ ಕಾವನ್ನೂ ಚೆನ್ನಾಗಿ ತಡೆಯುತ್ತವೆ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಇಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿ ಇನ್ನೂ ಜಾಸ್ತಿ ಆಗುತ್ತದೆ, ತುಂಬಿಸುವ ನೀರೂ ಜಾಸ್ತಿ ಬೇಕು, ಅದಕ್ಕೇ ಮತ್ತೆ ಮತ್ತೆ ಆ ಸೊನ್ನೆಯ ಮಾತು ಹೇಳುತ್ತಿದ್ದೇನೆ.

ನೀರು ಅಳೆದು ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ. ಕೀಟೋ ಬೇಕಿದ್ದರೆ ಒಂದು ಹಿಡಿ ನಾನೇ ಕೊಡ್ತೀನಿ. ಒದ್ದೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಿಜಯಪುರದಿಂದ ನಿಮ್ಮೂರಿಗೆ ಬರುವಷ್ಟು ಹೊತ್ತು ಅದಕ್ಕೇನೂ ಆಗುವುದಿಲ್ಲ.