ಕಾರಿನ ಬಣ್ಣದ ಗೀರು ತೆಗೆಯುವ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್‌ನ ಪ್ಯಾಡ್ ನಡುಭಾಗದಲ್ಲಿ ಕಾದು ಕಿತ್ತುಬರುತ್ತಿದೆ, 21 ಮಿ.ಮೀ. ಅಗಲ ಓಲಾಡುವ ಯಂತ್ರ ಕೊಂಡರೆ ಸರಿಹೋದೀತೆ?

‘ಮೂರನೆಯ ಪ್ಯಾಡ್ ಹೋಯಿತು, ನೀರು ಚಿಮುಕಿಸಿದರೂ ತಣಿಯುವುದಿಲ್ಲ’ ಎಂದು ನೀವು ಬರೆದಿರುವುದನ್ನು ಓದುತ್ತಿದ್ದಂತೆ ವಾಸ್ಕೋದ ತಗಡಿನ ಶೆಡ್ಡೊಂದು ನನ್ನ ಕಣ್ಣೆದುರು ಬಂತು. ಗದಗಿನಿಂದ ಗೋವೆಗೆ ಬಂದ ಮೊದಲ ಎರಡು ವರ್ಷ ನಾನು ಅಲ್ಲಿ ಕಾರು ತೊಳೆಯುತ್ತಿದ್ದೆ. ಮೂರನೆಯ ವರ್ಷ ಮಾಲೀಕರು ಪಾಲಿಶ್ ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಬಂದರಿನ ಕಲ್ಲಿದ್ದಲ ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಉಜ್ಜಿ ಒರೆಸುವ ಜನರಿಗೆ ಆ ಊರಿನಲ್ಲಿ ಬರವಿಲ್ಲ. ಹಾಗಾಗಿ ಬಿಸಿಲಿನಲ್ಲಿ ಜೇಡರ ಬಲೆಯಂತೆ ಹೊಳೆಯುವ ಗೀರುಗಳು ನಮಗೆ ದಿನನಿತ್ಯದ ಅನ್ನವಾಗಿದ್ದವು.

ಅದೊಂದು ಏಪ್ರಿಲ್ ಮಧ್ಯಾಹ್ನ. ಗ್ರಾಹಕರೊಬ್ಬರ ಕಪ್ಪು ಸೆಡಾನ್ ಬೆಳಗಿನಿಂದ ಹೊರಗೆ ನಿಂತು, ಬಾನೆಟ್ ಮೇಲೆ ಕೈಯಿಡಲಾಗದಷ್ಟು ಕಾದಿತ್ತು. ಅದು ತಣಿಯುವವರೆಗೆ ಕಾಯದೆ ನಾನು 15 ಮಿ.ಮೀ. ಯಂತ್ರಕ್ಕೆ ಹೊಸ ಫೋಮ್ ಪ್ಯಾಡ್ ಅಂಟಿಸಿ ಕೆಲಸ ಆರಂಭಿಸಿದೆ. ಜಾಲದಂತಹ ಸಣ್ಣ ಗೀರುಗಳೆಲ್ಲ ಹೋದವು, ಆದರೆ ಬಲಗಡೆ ಬೀಗದ ಕೈಯಿಂದ ಎಳೆದಂತಿದ್ದ ಒಂದು ಗೀರು ಮಾತ್ರ ಹೋಗಲಿಲ್ಲ. ನಾನು ಯಂತ್ರದ ವೇಗದ ಗುಂಡಿಯನ್ನು 6ಕ್ಕೆ ಏರಿಸಿ, ಎರಡೂ ಕೈಗಳಿಂದ ಭಾರ ಹಾಕಿ, ಅಲ್ಲಿಯೇ ಒತ್ತಿ ತಿರುಗಿಸತೊಡಗಿದೆ. ಸುಟ್ಟ ರಬ್ಬರಿನಂತಹ ವಾಸನೆ ಬಂತು. ಯಂತ್ರ ನಿಲ್ಲಿಸಿ ಪ್ಯಾಡನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಹಚ್ಚಿದೆ. ಎರಡು ನಿಮಿಷವೂ ಕಳೆದಿರಲಿಲ್ಲ. ಫೋಮ್ ತನ್ನ ಬೆನ್ನಿನ ವೆಲ್ಕ್ರೋದಿಂದ ಕಿತ್ತು ಮುಂದಿನ ಚಕ್ರದ ಬಳಿ ಹಾರಿ ಬಿದ್ದಿತು, ಪ್ಯಾಡನ್ನು ಹಿಡಿದಿಡುವ ಬ್ಯಾಕಿಂಗ್ ಪ್ಲೇಟ್ ನೇರವಾಗಿ ಬಣ್ಣಕ್ಕೆ ತಾಗಿತು. ಬೆರಳುದ್ದದ ಅರ್ಧಚಂದ್ರದ ಗುರುತು, ಅದರ ನಡುವೆ ಬಣ್ಣದಡಿಯ ಬೂದು ಪ್ರೈಮರ್. ಆ ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸಿದ ಖರ್ಚು ಮೂರು ತಿಂಗಳ ಕಾಲ ನನ್ನ ಸಂಬಳದಿಂದ ಕಡಿತವಾಯಿತು.

ಬಹಳ ದಿನ ನಾನು ಪ್ಯಾಡನ್ನೇ ಬೈಯುತ್ತಿದ್ದೆ. ನನ್ನ ತಪ್ಪು ಇದ್ದದ್ದು ಒತ್ತಿದ್ದರಲ್ಲಿ, ಅದನ್ನು ಬಿಡಿಸಿ ಹೇಳದಿದ್ದರೆ ನಿಮಗೂ ಅರ್ಥವಾಗದು. ಡಿಎ ಯಂತ್ರದಲ್ಲಿ ಪ್ಲೇಟ್ ಎರಡು ಬಗೆಯಲ್ಲಿ ಚಲಿಸುತ್ತದೆ: ಕೇಂದ್ರದಿಂದ ಸರಿದ ಒಂದು ಅಚ್ಚಿನ ಮೇಲೆ ಅದು ಓಲಾಡುತ್ತದೆ, ಜೊತೆಗೆ ಬೇರಿಂಗಿನ ಮೇಲೆ ತನ್ನಷ್ಟಕ್ಕೆ ಸುತ್ತುತ್ತದೆ. ಓಲಾಟಕ್ಕೆ ಮೋಟಾರಿನ ಬಲವಿದೆ, ಸುತ್ತುವಿಕೆಗೆ ನೇರ ಬಲವಿಲ್ಲ. ಆದ್ದರಿಂದ ನೀವು ಒತ್ತಿದ ಕೂಡಲೇ ಮೊದಲು ಸಾಯುವುದು ಸುತ್ತುವಿಕೆ. ಆಮೇಲೆ ಪ್ಯಾಡ್ ಒಂದೇ ಕಡೆ ನಿಂತು ನಡುಗುತ್ತಿರುತ್ತದೆ, ಗೀರು ತೆಗೆಯಬೇಕಾದ ಶಕ್ತಿಯೆಲ್ಲ ಫೋಮನ್ನು ಒಳಗೊಳಗೇ ಹಿಸುಕುವುದರಲ್ಲಿ ಬಿಸಿಯಾಗಿ ಹೋಗುತ್ತದೆ. ಫೋಮ್ ಎಂದರೆ ಗಾಳಿಗುಳ್ಳೆಗಳ ರಾಶಿ, ಹಾಸಿಗೆಯಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಅಂಚಿನ ಬಿಸಿ ಗಾಳಿಗೆ ಹೋಗುತ್ತದೆ, ನಡುವಿನ ಬಿಸಿಗೆ ದಾರಿಯಿಲ್ಲ, ಅದು ನೇರವಾಗಿ ವೆಲ್ಕ್ರೋ ಅಂಟಿಗೆ ತಾಗಿ ಅಂಟು ಮೆತ್ತಗಾಗುತ್ತದೆ. ನಾನು ನೀರಿನಲ್ಲಿ ಅದ್ದಿ ಅದನ್ನು ಇನ್ನಷ್ಟು ಕೆಡಿಸಿದ್ದೆ: ನೆನೆದ ಫೋಮ್ ಭಾರವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ, ಕಾಂಪೌಂಡ್ (ಗೀರು ತೇಯುವ ಲೇಪ) ತೆಳುವಾಗಿ ಗೀರನ್ನು ಕತ್ತರಿಸದೆ ಜಾರುತ್ತದೆ, ಆಗ ಕೈ ಮತ್ತೂ ಒತ್ತುತ್ತದೆ. ಗಂಧ ತೇಯುವವರನ್ನು ನೋಡಿದ್ದೀರಲ್ಲವೆ? ಕೊರಡನ್ನು ಕಲ್ಲಿಗೆ ಅದುಮಿದರೆ ಗಂಧ ಬರುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಸ ಯಂತ್ರವನ್ನೋ ಬಿಸಿಯಾಗದ ಪ್ಯಾಡನ್ನೋ ಹುಡುಕುವ ಮೊದಲು, ನಿಮ್ಮ ಪ್ಯಾಡ್ ಸುತ್ತುತ್ತಿದೆಯೇ ಎಂದು ನೋಡಿರಿ. ಪ್ಲೇಟಿನ ಅಂಚಿನಲ್ಲಿ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆದು ಕೆಲಸ ಮಾಡುವಾಗ ಅದರ ಮೇಲೆ ಕಣ್ಣಿಡಿ. ಗೆರೆ ನಿಧಾನವಾದ ಕ್ಷಣ ಕೈ ಸಡಿಲಿಸಿ. 21 ಮಿ.ಮೀ. ಯಂತ್ರ ಈಗ ಖಂಡಿತ ಬೇಡ: ಓಲಾಟ ದೊಡ್ಡದಾದಷ್ಟೂ ಫೋಮ್ ಹೆಚ್ಚು ಹಿಸುಕಲ್ಪಡುತ್ತದೆ, ಒತ್ತುವ ಕೈಗೆ ಅದು ಇನ್ನೂ ಬೇಗ ಕಾಯುತ್ತದೆ. ನಡುವೆ ರಂಧ್ರವಿರುವ ಪ್ಯಾಡ್ ಗಾಳಿಯಾಡಿಸಿ ಸ್ವಲ್ಪ ಸಹಾಯ ಮಾಡುತ್ತದೆ, ಅಷ್ಟೆ.

ಇನ್ನು ನೀವು ಏಕೆ ಒತ್ತುತ್ತಿದ್ದೀರಿ ಎಂಬುದು. ನನ್ನ ಊಹೆಯಂತೆ ನಿಮಗೂ ಹೋಗದ ಗೀರೊಂದು ಸಿಕ್ಕಿದೆ. ಕಾರ್ಖಾನೆಯಿಂದ ಬಂದ ಕಾರಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಉಗುರು ಸಿಕ್ಕಿಕೊಳ್ಳುವ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೊರಡುವುದೇ ಬಣ್ಣಕ್ಕೆ ಮಾಡುವ ದ್ರೋಹ. ಅದರ ಅಂಚನ್ನು ಮೃದುಗೊಳಿಸಿ ಬಿಟ್ಟುಬಿಡಿ. ಹೆಚ್ಚು ಕತ್ತರಿಸುವ ಶಕ್ತಿ ನಿಜವಾಗಿಯೂ ಬೇಕಿದ್ದರೆ ಉಣ್ಣೆಯ ಪ್ಯಾಡ್ ಹಚ್ಚಿ, ಅದರ ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ಫೋಮಿಗಿಂತ ತಣ್ಣಗಿರುತ್ತದೆ.

ಒಂದು ಕಾರಿಗೆ ಒಂದೇ ಪ್ಯಾಡ್ ಎನ್ನುವ ಜಿಪುಣತನವನ್ನೂ ಬಿಡಿ. ಈಗ ನಾನು ಐದಾರು ಪ್ಯಾಡ್‌ಗಳನ್ನು ಜೋಡಿಸಿಟ್ಟುಕೊಂಡು, ಬಾಗಿಲಿಗೊಂದು, ಬಾನೆಟ್ಟಿಗೆ ಎರಡು ಎಂದು ಬದಲಿಸುತ್ತೇನೆ. ಬಟಾಣಿ ಕಾಳಿನಷ್ಟು ಮೂರು ಹನಿ ಕಾಂಪೌಂಡ್, ಎರಡಡಿ ಚೌಕದಷ್ಟೇ ಜಾಗ, ವೇಗ 4 ಅಥವಾ 5. ಪ್ರತಿ ಚೌಕ ಮುಗಿದ ಮೇಲೆ ನೈಲಾನ್ ಬ್ರಷ್ಷಿನಿಂದ ಪ್ಯಾಡನ್ನು ಕೆರೆಯುತ್ತೇನೆ, ಏಕೆಂದರೆ ಒಣಗಿ ಕೂತ ಕಾಂಪೌಂಡ್ ಮತ್ತು ಬಣ್ಣದ ಪುಡಿ ತಾವೇ ಘರ್ಷಣೆ ಹೆಚ್ಚಿಸುತ್ತವೆ. ಪ್ಲಾಸ್ಟಿಕ್ ಬಂಪರಿನಲ್ಲಿ ವೇಗವನ್ನು ಇನ್ನೂ ಇಳಿಸುತ್ತೇನೆ. ಉಕ್ಕಿನ ತಗಡಿನಂತೆ ಅದು ಬಿಸಿಯನ್ನು ಹರಡುವುದಿಲ್ಲ. ಕಾರು ನೆರಳಿನಲ್ಲಿ ತಣಿದ ಮೇಲಷ್ಟೇ ಯಂತ್ರ ಮುಟ್ಟುತ್ತೇನೆ.

ಹೊಸ ಪ್ಯಾಡ್ ತರುವ ಮುನ್ನ ನಿಮ್ಮ ಬ್ಯಾಕಿಂಗ್ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ಮೂರು ಪ್ಯಾಡ್ ಕರಗಿಸಿದ ಪ್ಲೇಟಿನ ನಡುವಿನ ವೆಲ್ಕ್ರೋ ಕೊಕ್ಕೆಗಳು ಸುಟ್ಟು ಬಾಗಿರುವ ಸಾಧ್ಯತೆ ಹೆಚ್ಚು. ಬಾಗಿದ್ದರೆ ಅದನ್ನೂ ಬದಲಿಸಿರಿ. ಇಲ್ಲವಾದರೆ ನಾಲ್ಕನೆಯದೂ ಚಕ್ರದ ಬಳಿಯೇ ಬೀಳುತ್ತದೆ.