ಕೊಬ್ಬಿನ ಕಣದೊಳಗೆ ಆರ್‌ಎನ್‌ಎ ಸೇರುವುದು ಹೇಗೆ?

ಪ್ರಶ್ನೆ: ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿರುವ ಮಗ, ಆರ್‌ಎನ್‌ಎ ಔಷಧಿಯನ್ನು ಕೊಬ್ಬಿನ ನ್ಯಾನೊಕಣದಲ್ಲಿ ಇಟ್ಟು ಕೊಡುತ್ತಾರೆ ಅನ್ನುತ್ತಾನೆ. ಅಷ್ಟು ಸಣ್ಣ ಕಣದೊಳಗೆ ತುಂಬುವುದು ಹೇಗೆ? ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರದ ನಮ್ಮಂಥ ಊರಿಗೆ ಇದು ಬಂದೀತೇ?
– ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಉತ್ತರ: ಕಣ ತಾನೇ ಆರ್‌ಎನ್‌ಎ (ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ಸುತ್ತ ಕಟ್ಟಿಕೊಳ್ಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೀರಿ. ತಿರುಗಾಮುರುಗಾ ಆದರೆ ಕಣ ದಪ್ಪಗಾಗಿ ತಳ ಹಿಡಿಯುತ್ತದೆ. ಇಲ್ಲಿಯೂ ಕಲಸುವ ಹದವೇ ಮುಖ್ಯ.

ಬೇಕಾದವು ನಾಲ್ಕು ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತುಗಳು: ಆಮ್ಲದಲ್ಲಿ ಮಾತ್ರ ಧನಾವೇಶ ಪಡೆಯುವ ಒಂದು, ಕೊಲೆಸ್ಟರಾಲ್, ಫಾಸ್ಫೊಲಿಪಿಡ್, ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಎಂಬ ಪಾಲಿಮರ್ ಜೋಡಿಸಿದ ಇನ್ನೊಂದು. 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ ಆರ್‌ಎನ್‌ಎ ಔಷಧಿಯಲ್ಲಿ ಅಣುಗಳ ಪ್ರಮಾಣ ಇದೇ ಕ್ರಮದಲ್ಲಿ 50, 38.5, 10, 1.5. ಇವನ್ನು ಎಥನಾಲ್‌ನಲ್ಲಿ, ಆರ್‌ಎನ್‌ಎಯನ್ನು ಪಿಎಚ್ 4ರ, ಅಂದರೆ ಆಮ್ಲೀಯವಾದ ಸಿಟ್ರೇಟ್ ಬಫರ್ ದ್ರಾವಣದಲ್ಲಿ ಕರಗಿಸುತ್ತಾರೆ. ಒಂದು ಪಾಲು ಎಥನಾಲ್‌ಗೆ ಮೂರು ಪಾಲು ಬಫರ್‌ನಂತೆ, ಕೂದಲೆಳೆಯಂಥ ಕಾಲುವೆಗಳಿರುವ ಚಿಪ್‌ನಲ್ಲಿ ಎರಡನ್ನೂ ರಭಸದಿಂದ ಬೆರೆಸುತ್ತಾರೆ. ಆರ್‌ಎನ್‌ಎಗೆ ಋಣಾವೇಶ ಇರುವುದರಿಂದ ಧನಾವೇಶದ ಲಿಪಿಡ್ ಅದಕ್ಕೆ ಅಂಟಿ, 60ರಿಂದ 100 ನ್ಯಾನೊಮೀಟರ್ ಕಣ ಮೂಡುತ್ತದೆ. ಕೈಯಲ್ಲಿ ಮೆಲ್ಲಗೆ ಹೊಯ್ದರೆ ಕಣ ದಪ್ಪ, ಗಾತ್ರವೂ ಒಂದೊಂದು ಥರ. ಎಥನಾಲ್ ತೆಗೆದು ಪಿಎಚ್ 7.4ಕ್ಕೆ ತರುವ ಡಯಾಲಿಸಿಸ್ (ಪೊರೆಯ ಮೂಲಕ ಸೋಸುವ ಕೆಲಸ) ತಡವಾದರೆ ಕಣಗಳು ಒಂದಕ್ಕೊಂದು ಕೂಡಿಕೊಂಡು ಹಿಗ್ಗುತ್ತವೆ. ಮಗನಿಗೆ ಇನ್ನೊಂದು ಹೇಳಿ: ಗ್ಲೌಸ್ ಇಲ್ಲದೆ ಟ್ಯೂಬ್ ಮುಟ್ಟಬಾರದು. ಚರ್ಮದ ಮೇಲಿನ ಆರ್‌ಎನ್‌ಏಸ್ ಕಿಣ್ವ ಆರ್‌ಎನ್‌ಎಯನ್ನು ತುಂಡರಿಸುತ್ತದೆ.

ರಕ್ತದಲ್ಲಿ ಆ ಮೊದಲ ಲಿಪಿಡ್ ತಟಸ್ಥ, ಅಂದರೆ ಆವೇಶವಿಲ್ಲದ್ದು. ರಕ್ತನಾಳಕ್ಕೆ ಕೊಟ್ಟ ಕಣಕ್ಕೆ ಅಪೊ-ಇ ಎಂಬ ಪ್ರೋಟೀನ್ ಅಂಟುವುದರಿಂದ ಹೆಚ್ಚಿನವು ಲಿವರ್‌ಗೇ ಹೋಗುತ್ತವೆ. ಜೀವಕೋಶ ಕಣವನ್ನು ನುಂಗಿ ಎಂಡೋಸೋಮ್ ಎಂಬ ಚೀಲದಲ್ಲಿ ಇಡುತ್ತದೆ. ಚೀಲದೊಳಗೆ ಆಮ್ಲ ಏರಿದಾಗ ಲಿಪಿಡ್ ಮತ್ತೆ ಧನಾವೇಶ ಪಡೆದು ಚೀಲದ ಪೊರೆಯನ್ನು ಸೀಳುತ್ತದೆ, ಆರ್‌ಎನ್‌ಎ ಹೊರಬೀಳುತ್ತದೆ. ಆದರೆ ಅಳೆದು ನೋಡಿದವರಿಗೆ ಹಾಗೆ ಹೊರಬಿದ್ದದ್ದು ಸಿಕ್ಕಿದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ. ಈ ಸಂಶೋಧನೆಯ ದೊಡ್ಡ ಗಂಟು ಇದೇ. ಇದನ್ನು ಬಿಡಿಸಿದರೆ ಡೋಸ್ ಇಳಿಯುತ್ತದೆ, ಅಡ್ಡಪರಿಣಾಮವೂ ಕಡಿಮೆಯಾಗುತ್ತದೆ.

ಇನ್ನು ಕರೆಂಟ್ ವಿಷಯ. ಕೆಡದಂತೆ ಹೆಪ್ಪುಗಟ್ಟಿಸಿ ಇಡುವುದುಂಟು, ಆದರೆ ಸುಕ್ರೋಸ್ ಎಂಬ ಸಕ್ಕರೆ ಬೆರೆಸದಿದ್ದರೆ ಹಿಮದ ಹರಳು ಕಣಗಳನ್ನು ಒಡೆಯುತ್ತದೆ. ಸಕ್ಕರೆ ಜೊತೆಗೇ ಒಣಗಿಸಿ ಪುಡಿ ಮಾಡುವುದೂ ಉಂಟು. 2022ರಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕ ಪುಣೆಯ ಜೆಮ್‌ಕೋವ್ಯಾಕ್ ಎಂಬ ಕೋವಿಡ್ ಆರ್‌ಎನ್‌ಎ ಲಸಿಕೆ ಒಣಗಿಸಿದ ಪುಡಿ ರೂಪದ್ದು, 2ರಿಂದ 8 ಡಿಗ್ರಿಯಲ್ಲಿ ಇಡಬಹುದು. ಅಂದರೆ ಆರೋಗ್ಯ ಕಾರ್ಯಕರ್ತರು ಹಳ್ಳಿಗೆ ಹೊತ್ತು ತರುವ ಐಸ್‌ಪ್ಯಾಕ್ ಪೆಟ್ಟಿಗೆಯೇ ಸಾಕಾದೀತು. ನೀರು ಬೆರೆಸಿದ ಮೇಲೆ ಮಾತ್ರ ಅದೇ ದಿನ ಮುಗಿಸಬೇಕು.